ಓದುಗರ ಪ್ರಶ್ನೆಗೆ ಉತ್ತರ: ಒಂದು ಎಳೆಯನ್ನು ಎರಡು ಮಾಡಿಕೊಳ್ಳುವ ಮೊದಲು

ಪ್ರಶ್ನೆ: ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಒಂದು ಫೈಬರ್ ಎಳೆಯನ್ನು ಎಂಟಾಗಿ ಒಡೆಯುವ ಸ್ಪ್ಲಿಟರ್ ಇದ್ದು, ಅಲ್ಲಿಂದ ನಮ್ಮ ಮನೆಗೆ ಇಂಟರ್ನೆಟ್ ಬಂದಿದೆ. ತೋಟದಾಚೆಗಿರುವ ತಮ್ಮನ ಮನೆಗೂ ಇಂಟರ್ನೆಟ್ ಬೇಕಾಗಿದೆ. ಹಿಂದೆ ಕೇಬಲ್ ಟಿ.ವಿ. ತಂತಿಗೆ ಹಾಕುತ್ತಿದ್ದಂತೆ ಚಿಕ್ಕ ಸ್ಪ್ಲಿಟರ್ ತಂದು ನಾವೇ ಎಳೆಯನ್ನು ಎರಡು ಮಾಡಿಕೊಳ್ಳಬಹುದೇ? ಫೈಬರಿನ ಬೆಳಕನ್ನು ಇಂಟರ್ನೆಟ್ ಸಂಕೇತವಾಗಿ ಬದಲಿಸುವ ನಮ್ಮ ಮನೆಯ ಓಎನ್‌ಯು ಸಾಧನದಲ್ಲಿ ಬೆಳಕಿನ ಮಟ್ಟ ಮೈನಸ್ 24 ಡಿಬಿಎಂ ಎಂದು ತೋರಿಸುತ್ತದೆ. ಇನ್ನೊಂದು ವಿಷಯ: 3 ಕಿಲೋವಾಟಿನ ಎರಡನೆಯ ಗೀಸರನ್ನು ಅಷ್ಟೇ ಸಾಮರ್ಥ್ಯದ ಹಳೆಯ ಗೀಸರಿನ ಲೈನಿಗೇ ಸೇರಿಸಿದ್ದೇವೆ. ತಂತಿ 2.5 ಸ್ಕ್ವೇರ್ ಎಂ.ಎಂ. ನದು. ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತಿದ್ದುದರಿಂದ ವೈರಿಂಗ್ ಮಾಡಿದವರು 20 ಆಂಪಿಯರಿನದನ್ನು ತೆಗೆದು 32 ಆಂಪಿಯರಿನದನ್ನು ಹಾಕಿದ್ದಾರೆ. ಈಗ ಬೀಳುತ್ತಿಲ್ಲ. ಇಷ್ಟು ಸಾಕೇ?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ತಡಮಾಡುವ ವಿಷಯವಲ್ಲ. ದಯವಿಟ್ಟು ಎರಡು ಗೀಸರುಗಳನ್ನು ಒಟ್ಟಿಗೆ ಹಾಕುವುದನ್ನು ಇಂದೇ ನಿಲ್ಲಿಸಿ, ಹಳೆಯ 20 ಆಂಪಿಯರಿನ ಎಂಸಿಬಿಯನ್ನು ಮರಳಿ ಹಾಕಿಸಿ. 230 ವೋಲ್ಟಿನಲ್ಲಿ 3 ಕಿಲೋವಾಟಿನ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ; ಎರಡೂ ಸೇರಿದರೆ 26 ಆಗುತ್ತದೆ. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಗೋಡೆಯೊಳಗಿನ ಪೈಪಿನಲ್ಲಿ ಗಾಳಿಯಾಡದೆ ಕುಳಿತಿರುವ 2.5 ಸ್ಕ್ವೇರ್ ಎಂ.ಎಂ. ತಂತಿ ಆ ಶಾಖವನ್ನು ದಿನವೂ ತಾಳಿಕೊಳ್ಳಲಾರದು. ಮನೆಯ ಲೈನುಗಳಿಗೆ ವಿದ್ಯುತ್ ಹಂಚುವ ಡಿಬಿ ಬಾಕ್ಸಿನಲ್ಲಿ ಎಂಸಿಬಿ ಇರುವುದು ಮುಖ್ಯವಾಗಿ ಆ ತಂತಿಯನ್ನು ಕಾಯಲಿಕ್ಕೆ. ಹಿಂದೆ ಅದು ಬೀಳುತ್ತಿದ್ದಾಗ ತನ್ನ ಕೆಲಸವನ್ನೇ ಮಾಡುತ್ತಿತ್ತು. ಈಗ ತಂತಿಯ ಹೊದಿಕೆ ಕರಗಿ ಹೋಗುವವರೆಗೂ 32 ಆಂಪಿಯರಿನ ಎಂಸಿಬಿ ಸುಮ್ಮನಿರಬಹುದು. ಎರಡನೆಯ ಗೀಸರಿಗೆ ಡಿಬಿ ಬಾಕ್ಸಿನಿಂದಲೇ 4 ಸ್ಕ್ವೇರ್ ಎಂ.ಎಂ. ತಾಮ್ರದ ಪ್ರತ್ಯೇಕ ತಂತಿ ಎಳೆಸಿ, ಅದಕ್ಕೆ ಬೇರೆಯೇ ಎಂಸಿಬಿ ಹಾಕಿಸುವುದೊಂದೇ ಸರಿಯಾದ ದಾರಿ.

ಇನ್ನು ಫೈಬರಿನ ವಿಷಯ. ಮನೆಯ ಡಿಬಿ ಬಾಕ್ಸ್, ಕಂಬದ ಫೈಬರ್ ಪೆಟ್ಟಿಗೆ ಎರಡೂ ನೋಡಲು ಒಂದೇ ತರಹ ಇದ್ದರೂ ಹಂಚಿಕೆಯ ಲೆಕ್ಕ ಬೇರೆ ಬೇರೆ. ಡಿಬಿ ಬಾಕ್ಸಿನಿಂದ ಹೊರಡುವ ಪ್ರತಿಯೊಂದು ಲೈನಿಗೂ ಅದೇ 230 ವೋಲ್ಟ್ ಸಿಗುತ್ತದೆ. ಯಾವ ಲೈನಿನಲ್ಲಿ ಏನನ್ನೂ ಹಾಕಿಲ್ಲವೋ ಅದು ಏನನ್ನೂ ಎಳೆಯುವುದಿಲ್ಲ. ಸ್ಪ್ಲಿಟರಿನಲ್ಲಿ ಹಾಗಲ್ಲ. ವಿದ್ಯುತ್ತಿನ ನೆರವೇ ಇಲ್ಲದೆ ಕೆಲಸ ಮಾಡುವ ಆ ಗಾಜಿನ ತುಣುಕು, ಎಂಟು ಕವಲುಗಳಲ್ಲಿ ಏಳು ಖಾಲಿ ಇದ್ದರೂ, ಬಂದ ಬೆಳಕನ್ನು ಎಂಟು ಪಾಲು ಮಾಡಿಯೇ ಕಳುಹಿಸುತ್ತದೆ. ಬಳಸದವರ ಪಾಲು ಬಳಸುವವರಿಗೆ ಸಿಗುವುದಿಲ್ಲ. ಬೆಳಕು ಕುಗ್ಗುವುದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ: ಎಂಟು ಕವಲಿನ ಸ್ಪ್ಲಿಟರಿನಲ್ಲಿ ಸುಮಾರು 10.5 ಡೆಸಿಬೆಲ್, ನಾಲ್ಕು ಕವಲಿನದರಲ್ಲಿ 7, ಎರಡು ಕವಲಿನದರಲ್ಲಿ 3.5 ಡೆಸಿಬೆಲ್ ನಷ್ಟವಾಗುತ್ತದೆ. ನಿಮ್ಮ ಕಂಬದ ಪೆಟ್ಟಿಗೆಗಿಂತ ಮೊದಲೇ ಇನ್ನೊಂದು ಕಡೆ ನಾಲ್ಕು ಕವಲಾಗಿ ಒಡೆದಿರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಮನೆಗಳಿಗೆ ಬರುವ, ಜಿಪಾನ್ ಎಂಬ ಬಗೆಯ ಫೈಬರ್ ಜಾಲಗಳಲ್ಲಿ ಒಂದು ಎಳೆಯನ್ನು ಒಟ್ಟು 32 ಅಥವಾ 64 ಮನೆಗಳಿಗೆ ಹಂಚುವುದು ರೂಢಿ.

ನೀವು ಇನ್ನೊಂದು ಸ್ಪ್ಲಿಟರ್ ಸೇರಿಸಿದರೆ ಮೈನಸ್ 24 ಹೋಗಿ ಮೈನಸ್ 27.5 ಆಗುತ್ತದೆ; ಮೈನಸ್ಸಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕ್ಷೀಣ. ಸಾಮಾನ್ಯ ಓಎನ್‌ಯು ಗ್ರಹಿಸಬಲ್ಲ ಕೊನೆಯ ಮಿತಿ ಹೆಚ್ಚುಕಡಿಮೆ ಅಲ್ಲಿಯೇ ಇದೆ. ಎಳೆ ತುಸು ಬಾಗಿದರೂ, ಕನೆಕ್ಟರಿನ ತುದಿಗೆ ಧೂಳು ಕೂತರೂ ಬೆಳಕು ಸಾಲದೆಂದು ಓಎನ್‌ಯುವಿನ ಕೆಂಪು ದೀಪ ಮಿನುಗತೊಡಗುತ್ತದೆ. ಬೆಳಕು ಸಾಕಾದರೂ ಪ್ರಯೋಜನವಿಲ್ಲ: ಪ್ರತಿಯೊಂದು ಓಎನ್‌ಯು ತನ್ನ ಸರಣಿ ಸಂಖ್ಯೆಯೊಂದಿಗೆ ಸೇವೆ ಕೊಡುವವರ ಕೇಂದ್ರದಲ್ಲಿ ನೋಂದಣಿಯಾಗಿರಬೇಕು. ಒಂದೇ ಎಳೆಯ ಮೇಲಿರುವ ಎಲ್ಲ ಮನೆಗಳೂ ತಮಗೆ ಗೊತ್ತುಮಾಡಿದ ಕ್ಷಣದಲ್ಲಿ ಮಾತ್ರ ಬೆಳಕನ್ನು ಹಿಂದಕ್ಕೆ ಕಳುಹಿಸುವ ವ್ಯವಸ್ಥೆ ಅಲ್ಲಿದೆ. ಹೊರಗಿನಿಂದ ತಂದ ದೋಷಯುಕ್ತ ಸಾಧನವೊಂದು ಹೊತ್ತುಗೊತ್ತಿಲ್ಲದೆ ಬೆಳಕು ಬಿಟ್ಟರೆ ಊರಿನ ಉಳಿದ ಮನೆಗಳ ಸಂಪರ್ಕವೂ ಕೆಡುತ್ತದೆ. ಅಲ್ಲದೆ, ಬರುವ 1490 ನ್ಯಾನೋಮೀಟರಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಬಿಚ್ಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು.

ಆದ್ದರಿಂದ ತಮ್ಮನವರಿಗೆ ಪ್ರತ್ಯೇಕ ಸಂಪರ್ಕ ಪಡೆಯುವುದು ಲೇಸು. ನಿಮ್ಮ ಸಂಪರ್ಕವನ್ನೇ ಹಂಚಿಕೊಳ್ಳಲು ಸೇವೆ ಕೊಡುವವರು ಒಪ್ಪಿದರೆ, ಓಎನ್‌ಯುವಿನ ಲ್ಯಾನ್ ಪೋರ್ಟಿನಿಂದ 100 ಮೀಟರಿನೊಳಗೆ ಕ್ಯಾಟ್-6 ತಂತಿ ಎಳೆದು ಅಲ್ಲೊಂದು ರೌಟರ್ ಇಡಬಹುದು. ಆದರೆ ಮಲೆನಾಡಿನ ಸಿಡಿಲನ್ನು ನೆನೆದರೆ, ಎರಡು ಮನೆಗಳ ನಡುವೆ ಬಯಲಿನಲ್ಲಿ ತಾಮ್ರದ ತಂತಿ ಎಳೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ತಾಮ್ರದ ತಂತಿಯ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ಮರಳಿ ಸಂಕೇತವಾಗಿಯೂ ಬದಲಿಸುವ ಸಾಧನ) ಇಟ್ಟು, ನಡುವೆ ಉಕ್ಕಿನ ತಂತಿಯಿಲ್ಲದ ಫೈಬರ್ ಎಳೆಸಿ. ಗಾಜಿನಲ್ಲಿ ಸಿಡಿಲಿನ ವಿದ್ಯುತ್ತು ಹರಿಯದು. ಮೈನಸ್ 24 ಎಂಬುದೂ ಸ್ವಲ್ಪ ದುರ್ಬಲವೇ. ಕಂಬದ ಪೆಟ್ಟಿಗೆಯಲ್ಲಿ ನಿಮ್ಮ ಮನೆಗೆ ಹೊರಡುವ ಕವಲಿಗೆ ಪವರ್ ಮೀಟರ್ ಹಿಡಿದು ಅಳೆಯುವಂತೆ ತಂತ್ರಜ್ಞರನ್ನು ಕೇಳಿ. ಅಲ್ಲಿ ಮೈನಸ್ 20 ಇದ್ದು ನಿಮ್ಮಲ್ಲಿ 24 ಆಗಿದ್ದರೆ ದೋಷ ನಿಮ್ಮ ಮನೆಗೆ ಬರುವ ಎಳೆಯಲ್ಲಿ ಅಥವಾ ಅದರ ಕನೆಕ್ಟರಿನಲ್ಲಿದೆ.

ಪ್ರಶ್ನೆ: ಡಿಬಿ ಬಾಕ್ಸಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಹಾಕಿಸಿದ ಮೇಲೆ ಯುಪಿಎಸ್ ಲೈನಿನ ದೀಪ ಹಾಕಿದ ಕೂಡಲೇ ಅದು ಬೀಳುತ್ತದೆ. ತೆಗೆಸಿಬಿಡಲೇ?
— ದಾವಣಗೆರೆಯ ಓದುಗರು

ಉತ್ತರ: ಖಂಡಿತ ತೆಗೆಸಬೇಡಿ, ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೇ ಪ್ರಮಾಣದಲ್ಲಿ ನ್ಯೂಟ್ರಲಿನಲ್ಲಿ ಹಿಂದಿರುಗುತ್ತಿದೆಯೇ ಎಂದು ಆರ್‌ಸಿಸಿಬಿ ಸದಾ ತೂಗುತ್ತಿರುತ್ತದೆ. ನಿಮ್ಮಲ್ಲಿ ಯುಪಿಎಸ್ ದೀಪಗಳ ನ್ಯೂಟ್ರಲ್ ಮತ್ತು ಮನೆಯ ಉಳಿದ ಲೈನುಗಳ ನ್ಯೂಟ್ರಲ್ ಡಿಬಿ ಬಾಕ್ಸಿನೊಳಗಿನ ಒಂದೇ ಲೋಹದ ಪಟ್ಟಿಯಲ್ಲಿ ಸೇರಿರುವ ಸಾಧ್ಯತೆ ಬಹಳ ಹೆಚ್ಚು. ಆಗ ಒಂದು ದಾರಿಯಲ್ಲಿ ಹೋದ ಕರೆಂಟ್ ಇನ್ನೊಂದು ದಾರಿಯಲ್ಲಿ ಮರಳಿ, ಸೋರಿಕೆಯಾದಂತೆ ತೋರುತ್ತದೆ. ಯುಪಿಎಸ್ ಲೈನುಗಳಿಗೆ ಬೇರೆಯೇ ನ್ಯೂಟ್ರಲ್ ಪಟ್ಟಿ ಹಾಕಿಸಿ. ಆಮೇಲೂ ಬಿದ್ದರೆ ಆ ಲೈನಿನಲ್ಲಿ ನಿಜವಾದ ಸೋರಿಕೆ ಇದೆಯೇ ಎಂದು ಇನ್ಸುಲೇಷನ್ ಪರೀಕ್ಷೆ ಮಾಡಿಸಬೇಕಾಗುತ್ತದೆ.