ಬ್ಯಾಕ್‌ಗ್ಯಾಮನ್ ಆಟದ ನಡೆಗಳನ್ನು ಚುಟುಕಾಗಿ ಬರೆದಿಡುವುದು ಹೇಗೆ?

ಚೆಸ್‌ಗೆ ಇರುವ ಹಾಗೆ ಬ್ಯಾಕ್‌ಗ್ಯಾಮನ್‌ಗೂ ನಡೆ ಬರೆಯುವ ಕ್ರಮ ಇದೆಯಾ, ಗೆಳೆಯರ ಜೊತೆ ಆಡುತ್ತಲೇ ಗೀಚಿಕೊಳ್ಳಲು ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಚೆಸ್‌ಗಿಂತ ಸುಲಭ ಕೂಡ. ಇಲ್ಲಿ ಆನೆ, ಕುದುರೆ ಇಲ್ಲ, ಕಾಯಿಗಳೆಲ್ಲ ಒಂದೇ. ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಅಂತ ಬರೆದರೆ ಸಾಕು.

ಮೊದಲು ಮನೆಗಳ ಲೆಕ್ಕ. ಒಟ್ಟು 24 ಮನೆ. ನಿಮ್ಮ ಕಾಯಿ ಹಣ್ಣಾಗುವ ಕಡೆಯ ಕೊನೆಯ ಮನೆ 1, ಅತಿ ದೂರದ್ದು 24. ಎದುರಿನವರು ಅವರ ಕಡೆಯಿಂದ ಹೀಗೇ ಎಣಿಸುತ್ತಾರೆ. ಅಂದರೆ ನಿಮ್ಮ 24 ಅವರಿಗೆ 1, ನಿಮ್ಮ 5 ಅವರಿಗೆ 20. ಎರಡನ್ನೂ ಕೂಡಿಸಿದರೆ ಯಾವಾಗಲೂ 25. ಶುರುವಿನಲ್ಲಿ ನಾನು ಇಬ್ಬರ ನಡೆಯನ್ನೂ ನನ್ನ ಕಡೆಯ ಅಂಕೆಗಳಲ್ಲೇ ಬರೆಯುತ್ತಿದ್ದೆ. ಒಂದು ವಾರ ಬಿಟ್ಟು ಓದಿದರೆ ಒಂದೂ ಅರ್ಥ ಆಗಲಿಲ್ಲ, ಇಡೀ ಪುಸ್ತಕ ದಂಡವಾಯಿತು. ಹಾಗಾಗಿ ಯಾರು ಆಡಿದರೋ ಅವರ ಲೆಕ್ಕದಲ್ಲೇ ಬರೆಯಿರಿ.

ಆಮೇಲೆ ಗರ. ಎರಡು ದಾಳದಲ್ಲಿ ಬಿದ್ದ ಗರವನ್ನು ಮೊದಲು ಬರೆಯಬೇಕು, ದೊಡ್ಡ ಅಂಕೆ ಮುಂದೆ. ದುಬೈನಲ್ಲಿ ನನಗೆ ಈ ಆಟ ಕಲಿಸಿದ ಟರ್ಕಿಯ ಸಹೋದ್ಯೋಗಿ 6-5 ಬಿದ್ದಾಗ ‘ಶೆಶ್ ಬೆಶ್’ ಅನ್ನುತ್ತಿದ್ದರು. ಶೆಶ್ ಅಂದರೆ ಪರ್ಷಿಯನ್‌ನ ಆರು, ಬೆಶ್ ಅಂದರೆ ಟರ್ಕಿಶ್‌ನ ಐದು. ಬಾಯಲ್ಲಿ ಹೇಳುವಾಗಲೂ ದೊಡ್ಡದೇ ಮೊದಲು!

ಈಗ ಒಂದು ಆಟದ ಆರಂಭ ನೋಡಿ.

ನಾನು: 31: 8/5 6/5
ಅವರು: 64: 24/14
ನಾನು: 62: 24/18 13/11*
ಅವರು: 55: ನಡೆ ಇಲ್ಲ

ಮೊದಲ ಸಾಲಿನಲ್ಲಿ 8ರಿಂದ ಒಂದು ಕಾಯಿ, 6ರಿಂದ ಒಂದು ಕಾಯಿ 5ನೇ ಮನೆಗೆ ಬಂದವು. ಎರಡನೆಯದರಲ್ಲಿ ಒಂದೇ ಕಾಯಿ ಆರು, ನಾಲ್ಕು ಎರಡೂ ಓಡಿತು. ಮೂರನೆಯದರಲ್ಲಿ ಇರುವ ನಕ್ಷತ್ರ ಅಂದರೆ ಕಾಯಿ ಕಡಿದದ್ದು. ಅವರ 14 ನನ್ನ 11 ತಾನೇ? ಕೊನೆಗೆ ಅವರ ಕಾಯಿ ಬಾರ್ ಮೇಲೆ, ಅಂದರೆ ಕಡಿಸಿಕೊಂಡ ಕಾಯಿ ಇಡುವ ಹಲಗೆಯ ನಡುಪಟ್ಟಿಯ ಮೇಲೆ ಕೂತಿದೆ, ಐದು ಬಿದ್ದರೆ ಇಳಿಯಬೇಕಾದ ಮನೆಯನ್ನು ನಾನು ಎರಡು ಕಾಯಿ ಇಟ್ಟು ಮೊದಲೇ ಕಟ್ಟಿದ್ದೇನೆ. ಆಡಲು ಆಗದಿದ್ದರೂ ಗರ ಬರೆಯಲೇಬೇಕು. ಇದನ್ನು ಬಿಟ್ಟರೆ ಮುಂದಿನ ಸಾಲುಗಳು ಯಾರವು ಅನ್ನೋದೇ ತಪ್ಪಿ ಹೋಗುತ್ತದೆ.

ಉಳಿದದ್ದು ಸ್ವಲ್ಪವೇ. ಬಾರ್‌ನಿಂದ ಇಳಿದರೆ ಬಾರ್/22, ಕಾಯಿ ಹಣ್ಣಾದರೆ 6/ಆಫ್. ಜೋಡಿ ಗರ ಬಿದ್ದು ಎರಡೆರಡು ಕಾಯಿ ನಡೆಸಿದರೆ 44: 24/20(2) 13/9(2). ದಾರಿಯಲ್ಲಿ ಕಡಿದು ಮುಂದೆ ಹೋದರೆ ಮಾತ್ರ ನಡುವಿನ ಮನೆಯನ್ನೂ ಬರೆಯಿರಿ, 24/18*/14 ಅಂತ.

ಈ ಬರವಣಿಗೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಏನು ಗೊತ್ತಾ? ತಪ್ಪಾಗಿದ್ದರೆ ಅದೇ ತೋರಿಸಿಕೊಡುತ್ತದೆ. 8ರಲ್ಲಿ 5 ಕಳೆದರೆ 3, 6ರಲ್ಲಿ 5 ಕಳೆದರೆ 1, ಗರ 31. ಸರಿ ಹೋಯಿತು. ಇನ್ನೂ ಗಟ್ಟಿ ಪರೀಕ್ಷೆ ಬೇಕಾದರೆ ಒಟ್ಟು ದೂರ ಲೆಕ್ಕ ಹಾಕಿ. ಆಟದ ಶುರುವಿನಲ್ಲಿ ಇಬ್ಬರಿಗೂ 167 ಹೆಜ್ಜೆ ಬಾಕಿ. ನಾನು 4, ಆಮೇಲೆ 8 ನಡೆದೆ, ಈಗ 155. ಅವರು 10 ನಡೆದು 157ಕ್ಕೆ ಬಂದರು, ಆದರೆ ಕಡಿಸಿಕೊಂಡು ಮತ್ತೆ 168. ನಾನು ಕಡಿದ ಮನೆ ನನ್ನ ಲೆಕ್ಕದಲ್ಲಿ ಎಷ್ಟೋ, ಅಷ್ಟೇ ಅವರಿಗೆ ನಷ್ಟ. 11ರಲ್ಲಿ ಕಡಿದೆ, 11 ಹೆಜ್ಜೆ ಹೋಯಿತು. ನಕ್ಷತ್ರ ಇರುವ ಸಾಲು ಕಂಡಾಗ ಎಷ್ಟು ಕೂಡಿಸಬೇಕು ಅನ್ನೋದು ಅಲ್ಲೇ ಬರೆದಿರುತ್ತದೆ. ಹತ್ತು ಸಾಲಿಗೊಮ್ಮೆ ಬಾಕಿ ಹೆಜ್ಜೆಯನ್ನು ಪಕ್ಕದಲ್ಲಿ ಬರೆದು, ಹಲಗೆಯ ಮೇಲಿನ ಕಾಯಿಗಳನ್ನು ಎಣಿಸಿ ನೋಡಿ. ತಪ್ಪು ಎಲ್ಲಿ ಶುರುವಾಯಿತು ಅಂತ ಬೇಗ ಸಿಗುತ್ತದೆ.

ಇದಕ್ಕಿಂತ ಚಿಕ್ಕದೂ ಇದೆ. ನ್ಯಾಕ್ ಬ್ಯಾಲರ್ಡ್ ಎಂಬ ಆಟಗಾರರು ಮಾಡಿದ ನ್ಯಾಕ್ಟೇಷನ್. ಅದರಲ್ಲಿ ಗರದ ನಂತರ ಇಂಗ್ಲಿಷ್‌ನ ಒಂದೇ ಅಕ್ಷರ. ಮೇಲಿನ ಮೊದಲ ನಡೆ 31ಪಿ, ಅಂದರೆ ಮನೆ ಕಟ್ಟಿದೆ. 65 ಬಿದ್ದು ಹಿಂದಿನ ಕಾಯಿ 24ರಿಂದ 13ಕ್ಕೆ ಓಡಿದರೆ 65ಆರ್. ಆರಂಭದ ನಡೆಗಳಿಗೆ ಇದು ಬಹಳ ಚೆನ್ನಾಗಿದೆ. ಆದರೆ ಹೊಸದಾಗಿ ಬರೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮೊದಲು ಇಪ್ಪತ್ತು ಆಟ ಪೂರ್ತಿ ಅಂಕೆಗಳಲ್ಲೇ ಬರೆಯಿರಿ. ನಾಲ್ಕನೆಯದೋ ಐದನೆಯದೋ ಆಟದ ಹೊತ್ತಿಗೆ ಮನೆಗಳ ಅಂಕೆ ಎಣಿಸದೆಯೇ ಕಣ್ಣಿಗೆ ಬೀಳುತ್ತದೆ.