ಆಪ್ತಸಲಹೆ ಪ್ರಕರಣ: ಬಾಕಿ ಗಂಟೆಗಳ ಡೈರಿ

ಇವರನ್ನು ಶಶಿ ಅಂತ ಕರೆಯೋಣ. ಹೆಸರು ಬದಲಿಸಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 29. ಹುಟ್ಟಿ ಬೆಳೆದದ್ದು ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ, ಮನೆಯಲ್ಲಿ ಆಡುವುದು ಕುಂದಾಪುರದ ಕನ್ನಡ. ಫೋರ್ಟ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ, ಬಿಡುವಿನಲ್ಲಿ ಡ್ರಮ್ ನುಡಿಸುವುದು. ಮಾಟುಂಗಾದ ನನ್ನ ಕೋಣೆಗೆ ಮೊದಲು ಬಂದದ್ದು ಶಶಿ ಅಲ್ಲ, ಅವರ ಅಮ್ಮ.

"ಮಗ ಭಾನುವಾರ ರಾತ್ರಿ ನಿದ್ದೆ ಮಾಡುವುದಿಲ್ಲ ಮೇಡಂ. ಊಟ ಬೇಡ ಅಂತಾನೆ, ಗೋಡೆ ನೋಡಿಕೊಂಡು ಕೂರ್ತಾನೆ. ಆ ಡ್ರಮ್ ಬಿಟ್ಟರೆ ಎಲ್ಲ ಸರಿಹೋಗ್ತದೆ. ನೀವೊಂದು ಮಾತು ಹೇಳಿ" ಅಂದರು. ನಾನು ಹಾಗೆ ಹೇಳಲಾರೆ, ಅವರಾಗಿ ಬಂದರೆ ಮಾತಾಡುತ್ತೇನೆ ಅಂದೆ. ಎರಡು ವಾರ ಬಿಟ್ಟು ಶಶಿ ಬಂದರು. ಕೈಯಲ್ಲಿ ಒಂದು ಡೈರಿ.

ಆ ಡೈರಿಯಲ್ಲಿ ಪುಟಕ್ಕೆ ಮೂರು ಕಾಲಂ. ಅಭ್ಯಾಸ ಮಾಡಬೇಕಾದ ಗಂಟೆ, ಮಾಡಿದ ಗಂಟೆ, ಬಾಕಿ. ದಿನಕ್ಕೆ ಎರಡು ಗಂಟೆ ಅಂತ ಗುರಿ. ಸೋಮವಾರದಿಂದ ಶನಿವಾರದವರೆಗೆ ಹೆಚ್ಚುಕಡಿಮೆ ಸೊನ್ನೆ. ಭಾನುವಾರ ಒಂದು ಸ್ಟುಡಿಯೋ ಬಾಡಿಗೆಗೆ ಹಿಡಿದು ಮೂರು ಗಂಟೆ. ಉಳಿದದ್ದೆಲ್ಲ ಮುಂದಿನ ವಾರಕ್ಕೆ ಬಾಕಿ. ಎರಡು ವರ್ಷದಲ್ಲಿ ಆ ಬಾಕಿ 1,100 ಗಂಟೆ ದಾಟಿತ್ತು. ಸಾಲಗಾರನ ಪುಸ್ತಕ ನೋಡಿದ ಹಾಗೆ ಆಯಿತು ನನಗೆ.

"ಹತ್ತು ಸಾವಿರ ಗಂಟೆ ಬೇಕಂತೆ ಮೇಡಂ. ನನ್ನ ಸ್ಪೀಡಿಗೆ 64 ವರ್ಷ ಆಗ್ತದೆ" ಅಂದರು. ನಗಲಿಲ್ಲ. ನಿಜವಾಗಿ ಲೆಕ್ಕ ಹಾಕಿದ್ದರು.

ಯಾವುದೇ ವಿದ್ಯೆಯಲ್ಲಿ ಪಳಗಲು ಹತ್ತು ಸಾವಿರ ಗಂಟೆ ಅಭ್ಯಾಸ ಬೇಕು ಅನ್ನುವ ಈ ಮಾತು ಬಹಳ ಜನರನ್ನು ಕಾಡುತ್ತದೆ. ಅದರ ಬೇರು ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ, ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಲ್ಲಿದೆ. ಆದರೆ ಅವರು ಸುಮ್ನೆ ಗಂಟೆ ಎಣಿಸಿ ಬಿಡಲಿಲ್ಲ. ತನಗೆ ಬಾರದ ಒಂದು ವಿಷಯವನ್ನು ಹಿಡಿದು, ಪೂರ್ತಿ ಗಮನ ಕೊಟ್ಟು, ತಿದ್ದಿಕೊಳ್ಳುತ್ತಾ ಮಾಡುವ ಅಭ್ಯಾಸದ ಬಗ್ಗೆ ಅವರ ಮಾತು. ಚೆನ್ನಾಗಿ ನುಡಿಸುವವರು ನಡುನಡುವೆ ಬಿಡುವು ತೆಗೆದುಕೊಳ್ಳುತ್ತಿದ್ದರು, ಮಧ್ಯಾಹ್ನ ಮಲಗುತ್ತಿದ್ದರು. ಇದನ್ನು ಹೇಳಿದಾಗ ಶಶಿ ಡೈರಿ ಮುಚ್ಚಿದರು. ಆಮೇಲೆ ನಿಜವಾದ ವಿಷಯ ಹೊರಬಂತು.

ಆರು ತಿಂಗಳ ಹಿಂದೆ ಕ್ರೂಸ್ ಹಡಗಿನ ಬ್ಯಾಂಡಿಗೆ ಆಡಿಷನ್ ಇತ್ತು. ಶಶಿ ಹತ್ತು ವರ್ಷದಿಂದ ಕಿವಿಯಿಂದಲೇ ಕಲಿತು, ಮದುವೆ ಮನೆ, ಹೋಟೆಲುಗಳಲ್ಲಿ ನುಡಿಸಿದವರು. ಅಲ್ಲಿ ನಾಲ್ಕು ಪುಟದ ಚಾರ್ಟ್, ಅಂದರೆ ನುಡಿಸಬೇಕಾದದ್ದನ್ನು ಲಿಪಿಯಲ್ಲಿ ಬರೆದ ಹಾಳೆ ಕೊಟ್ಟು, ಶುರು ಮಾಡಲು ಕೌಂಟ್ ಕೊಟ್ಟೇಬಿಟ್ಟರು. ಹಡಗಿನಲ್ಲಿ ವಾರವಾರ ಬೇರೆ ಬೇರೆ ಗಾಯಕರು ಬರುತ್ತಾರೆ. ಅವರ ಹಾಡುಗಳನ್ನು ನೋಡಿದ ಕೂಡಲೇ ನುಡಿಸಬೇಕು, ಅದಕ್ಕೇ ಓದಲು ಬರುವವರೇ ಬೇಕು. ಬಾರ್ ಅಂದರೆ ಹಾಳೆಯಲ್ಲಿ ತಾಳದ ಒಂದು ಸುತ್ತಿನ ಮನೆ. ಶಶಿ ಹನ್ನೆರಡನೇ ಬಾರ್‌ನಲ್ಲಿ ನಿಂತರು. ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. "ಥ್ಯಾಂಕ್ಯೂ" ಅಂದರಂತೆ. ಅಷ್ಟೇ.

"ಆಗ ಮೈಯಲ್ಲಿ ಏನಾಯ್ತು?" ಅಂತ ಕೇಳಿದೆ.

"ಕಿವಿ ಬಿಸಿ ಆಯ್ತು. ಐದನೇ ಕ್ಲಾಸಲ್ಲಿ ಆದ ಹಾಗೆ."

ನಾಲ್ಕನೆಯವರೆಗೆ ಕನ್ನಡ ಶಾಲೆ. ಐದಕ್ಕೆ ಇಂಗ್ಲಿಷ್ ಶಾಲೆ. ಎದ್ದು ನಿಂತು ಗಟ್ಟಿಯಾಗಿ ಓದು ಅಂದಾಗ ಅಕ್ಷರ ಕೂಡಿಸಲು ಬರದೆ ನಿಂತದ್ದು, ತರಗತಿ ನಕ್ಕದ್ದು. ಇದನ್ನೇ ಎಲ್ಲದಕ್ಕೂ ಕಾರಣ ಅಂತ ನಾನು ಹೇಳುವುದಿಲ್ಲ, ಅದನ್ನು ಕೆದಕುತ್ತಾ ತಿಂಗಳುಗಟ್ಟಲೆ ಕೂರಲೂ ಇಲ್ಲ. ಎರಡೂ ಕಡೆ ಮೈ ಒಂದೇ ರೀತಿ ಬಿಸಿಯಾಯಿತು ಅಂತ ಅವರಿಗೇ ಹೊಳೆದದ್ದು ಸಾಕಾಯಿತು. ತನಗೆ ಪ್ರತಿಭೆ ಕಡಿಮೆ ಅಂತ ಅವರು ಅಂದುಕೊಂಡಿದ್ದರು. ಹಾಳೆ ಓದುವುದನ್ನು ಅವರಿಗೆ ಯಾರೂ ಕಲಿಸಿಯೇ ಇರಲಿಲ್ಲ, ವಿಷಯ ಇಷ್ಟೇ. ಹಳೆಯ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ಗೋವಾದವರು ಅಷ್ಟೊಂದು ಜನ ಯಾಕಿದ್ದರು? ಸೆಬಾಸ್ಟಿಯನ್ ಡಿಸೋಜ, ಆಂಟನಿ ಗೊನ್ಸಾಲ್ವಿಸ್ ಅಂಥವರು ಎಲ್ಲಿಂದ ಬಂದರು? ಗೋವಾದ ಚರ್ಚ್ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರದ ಜೊತೆಗೇ ಸ್ವರಲಿಪಿ ಕಲಿಸುತ್ತಿದ್ದರು. ಕಲಿಸಿದ್ದರಿಂದ ಅವರಿಗೆ ಬಂತು. ಇದನ್ನು ಶಶಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ನಾನು ಚಿಕ್ಕಂದಿನಲ್ಲಿ ಮೃದಂಗ ಕಲಿತವಳು. ಡ್ರಮ್ ಸೆಟ್ ನನಗೆ ಗೊತ್ತಿಲ್ಲ. ಹಾಗಾಗಿ ಒಬ್ಬ ಮೇಷ್ಟ್ರನ್ನು ಹುಡುಕಿಕೊಳ್ಳಿ ಅಂದೆ. ಬಾಂದ್ರಾದಲ್ಲಿ ಗೋವಾ ಮೂಲದ ಒಬ್ಬರು ಸಿಕ್ಕರು. ಶಶಿಯ ಒಪ್ಪಿಗೆ ಪಡೆದು ಅವರ ಜೊತೆ ಎರಡು ಸಲ ಮಾತಾಡಿದೆ. ಕೆಳಗೆ ಬರುವ ವಾದ್ಯದ ವಿಷಯಗಳೆಲ್ಲ ಅವರು ಹೇಳಿಕೊಟ್ಟದ್ದು.

ಮೊದಲ ಕೆಲಸ: ಒಂದು ಭಾನುವಾರದ ಮೂರು ಗಂಟೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತನ್ನಿ ಅಂದೆ. ಇಬ್ಬರೂ ಕೂತು ಅಲ್ಲಲ್ಲಿ ಕೇಳಿದೆವು. ಬಾರದ ವಿಷಯದ ಮೇಲೆ ಕೆಲಸ ಮಾಡಿದ ಹೊತ್ತು ಎಷ್ಟು ಅಂತ ಅವರೇ ಗುರುತು ಹಾಕಲಿ ಅಂತ ಬಿಟ್ಟೆ. 11 ನಿಮಿಷ. ಉಳಿದದ್ದೆಲ್ಲ ಈಗಾಗಲೇ ಬರುವ ತಾಳದ ಗ್ರೂವ್‌ಗಳು, ನಡುವೆ ತುಂಬಿಸುವ ಇಷ್ಟದ ಫಿಲ್‌ಗಳು, ಜೋರಾಗಿ, ಇನ್ನೂ ಜೋರಾಗಿ. ಕೇಳಲು ಚೆನ್ನಾಗಿತ್ತು, ನಿಜಕ್ಕೂ. ಆದರೆ ಅದು ನುಡಿಸುವುದು, ಅಭ್ಯಾಸ ಅಲ್ಲ. ಎರಡೂ ಬೇಕು. ಒಂದನ್ನು ಇನ್ನೊಂದು ಅಂದುಕೊಂಡರೆ ಮಾತ್ರ ಕಷ್ಟ.

ಇನ್ನೊಂದು ವಿಷಯ ಕೇಳುವಾಗ ಸಿಕ್ಕಿತು. "ಭಾನುವಾರ ರಾತ್ರಿ ಕಿವಿಯಲ್ಲಿ ಕುಂಯ್ ಅಂತ ಶಬ್ದ ಇರ್ತದೆ" ಅಂದರು. ನಿದ್ದೆ ಬಾರದಿರಲು ಮನಸ್ಸೊಂದೇ ಕಾರಣ ಆಗಿರಲಿಲ್ಲ! ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿದ ಮಿತಿ ಹೀಗಿದೆ: 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧ ಆಗುತ್ತದೆ. 100 ಡೆಸಿಬಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ಚಿಕ್ಕ ಕೋಣೆಯಲ್ಲಿ ಡ್ರಮ್ ಸುಲಭವಾಗಿ ಅಲ್ಲಿಗೆ ಮುಟ್ಟುತ್ತದೆ. ಕಿವಿ ಡಾಕ್ಟರ್ ಹತ್ತಿರ ಕಳಿಸಿದೆ. ಇಯರ್‌ಪ್ಲಗ್ ಇಲ್ಲದೆ ಸ್ಟುಡಿಯೋಗೆ ಹೋಗುವುದಿಲ್ಲ ಅಂತ ಮಾತು ತೆಗೆದುಕೊಂಡೆ. ಡ್ರಮ್ ನುಡಿಸುವ ಮಕ್ಕಳಿರುವ ಮನೆಯವರು ದಯವಿಟ್ಟು ಈ ಒಂದು ವಿಷಯವನ್ನು ಇವತ್ತೇ ಮಾಡಿ.

ಮೂರನೇ ಭೇಟಿಗೆ ಶಶಿ ಮುಂಗೈಯನ್ನು ಒತ್ತಿಕೊಳ್ಳುತ್ತಾ ಬಂದರು. ಎರಡು ತಿಂಗಳಿಂದ ನೋವಿತ್ತು, ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಡ್ರಮ್ ಬಿಡು ಅಂತಾರೆ ಅಲ್ವಾ? ಫಿಸಿಯೋಥೆರಪಿಸ್ಟ್ ನೋಡಿ, ಸ್ಟಿಕ್ಕನ್ನು ಮುಷ್ಟಿ ಕಟ್ಟಿ ಹಿಡಿಯುತ್ತೀರಿ ಅಂದರು, ಹತ್ತು ದಿನ ಮುಟ್ಟಬೇಡಿ ಅಂದರು. ಬಾಕಿ ಕಾಲಂ ನೆನೆದು ಶಶಿಯ ಮುಖ ಬಾಡಿತು. ನಾನು ಮಾತ್ರ ಒಳಗೊಳಗೇ ಖುಷಿಪಟ್ಟೆ. ಕೈ ಕಟ್ಟಿದರೆ ಓದಲೇಬೇಕಲ್ಲ.

ಅವರ ದೊಡ್ಡಪ್ಪ ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿ ಚಂಡೆ ಬಾರಿಸಿದವರು. ರಜೆಗೆ ಊರಿಗೆ ಹೋದಾಗ ಪಡಸಾಲೆಯಲ್ಲಿ ಕೂರಿಸಿಕೊಂಡು ಬಾಯಿತಾಳ ಹೇಳಿಸುತ್ತಿದ್ದರಂತೆ. ತಪ್ಪಿದರೆ ಬೈಗುಳ ಇಲ್ಲ, ಮತ್ತೆ ಶುರುವಿಂದ ಹೇಳುವುದು. "ಅದು ಓದುವುದಲ್ಲ ಮೇಡಂ, ಹೇಳುವುದು" ಅಂದರು. ಹೌದು, ಅಲ್ಲಿಂದಲೇ ಶುರು ಮಾಡೋಣ ಅಂದೆ.

ಡ್ರಮ್ ಲಿಪಿ ಹೊರಗಿನಿಂದ ಕಾಣುವಷ್ಟು ಕಷ್ಟದ್ದಲ್ಲ. ಐದು ಗೆರೆ ಇವೆ, ಆದರೆ ಇಲ್ಲಿ ಅವು ಸ್ವರ ಹೇಳುವುದಿಲ್ಲ. ಯಾವ ಜಾಗದಲ್ಲಿ ಗುರುತು ಇದೆಯೋ ಅದು ಯಾವುದನ್ನು ಹೊಡೆಯಬೇಕು ಅಂತ ಹೇಳುತ್ತದೆ. ಸಾಮಾನ್ಯವಾಗಿ ಕೆಳಗಿನ ಸಂದಿಯಲ್ಲಿ ಕಾಲಿನಿಂದ ಹೊಡೆಯುವ ಬೇಸ್ ಡ್ರಮ್, ಕೆಳಗಿಂದ ಮೂರನೇ ಸಂದಿಯಲ್ಲಿ ಮುಂದಿರುವ ಚಿಕ್ಕ ಡ್ರಮ್ ಸ್ನೇರ್, ಮೇಲಿನ ಗೆರೆಯ ತಲೆಯ ಮೇಲೆ ಕತ್ತರಿ ಗುರುತು ಇದ್ದರೆ ಜೋಡಿ ತಾಳದ ತಟ್ಟೆ, ಹೈ ಹ್ಯಾಟ್. ಇಷ್ಟು ಕಲಿಯಲು ಒಂದು ಸಂಜೆ ಸಾಕು. ಕಷ್ಟ ಇರುವುದು ಕಾಲದಲ್ಲಿ. ಒಂದು ಏಟಿನೊಳಗೆ ಕಾಲು ಏಟಿನ ನಾಲ್ಕು ಗುರುತು, ಅಂದರೆ ಸಿಕ್ಸ್‌ಟೀನ್ತ್ ಬಂದರೆ ತ-ಕ-ಧಿ-ಮಿ. ಮೂರರ ಗುಂಪು ಅಂದರೆ ಟ್ರಿಪ್ಲೆಟ್ ಬಂದರೆ ತ-ಕಿ-ಟ. ಬಾಯಿಗೆ ಗೊತ್ತಿದ್ದದ್ದಕ್ಕೆ ಕಣ್ಣು ಈಗ ಹೆಸರು ಹುಡುಕಬೇಕಿತ್ತು, ಅಷ್ಟೇ.

ಶಶಿ ಎಡವುತ್ತಿದ್ದದ್ದು ಎಲ್ಲಿ ಅಂತ ಆ ಹತ್ತು ದಿನದಲ್ಲೇ ಗೊತ್ತಾಯಿತು. ಹೊಡೆಯುವ ಗುರುತುಗಳಲ್ಲಿ ಅಲ್ಲ, ಹೊಡೆಯಬಾರದ ಗುರುತುಗಳಲ್ಲಿ. ರೆಸ್ಟ್ ಬಂದ ಕೂಡಲೇ ಅವರ ಕಣ್ಣು ಅದನ್ನು ಹಾರಿ ಮುಂದಿನದಕ್ಕೆ ಹೋಗುತ್ತಿತ್ತು, ತಾಳ ಕುಸಿಯುತ್ತಿತ್ತು. ರೆಸ್ಟ್ ಇದ್ದಲ್ಲಿ "ಉಂ" ಅಂತ ಹೇಳಿ ಅಂದೆವು. ತ-ಕ-ಉಂ-ಮಿ. ಮೌನಕ್ಕೂ ಒಂದು ಅಕ್ಷರ. ಅದೊಂದು ಬದಲಾವಣೆ ಉಳಿದೆಲ್ಲದಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಒಂದು ರಾತ್ರಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಪ್ಪ, "ಶಶಿ, ಅಲ್ಲಿ ತಾಳ ತಪ್ಪಿತಲ್ದಾ?" ಅಂದರಂತೆ. ಆಮೇಲೆ ಎದುರು ಕೂತು ತೊಡೆ ತಟ್ಟಿದರಂತೆ. ಡ್ರಮ್ ವಿಷಯದಲ್ಲಿ ಅಪ್ಪ ಆಡಿದ ಮೊದಲ ಮಾತು ಅದು ಅಂತ ಶಶಿ ಹೇಳುವಾಗ ದನಿ ನಡುಗಿತು.

ಕೈ ಸರಿಯಾದ ಮೇಲೆ ದಿನಚರಿ ಹಾಕಿದೆವು. ಗೋಡೆಯ ಮೇಲೆ ಕೈಗೆ ಮೂಲ ಪಾಠಗಳಾದ 40 ರೂಡಿಮೆಂಟ್‌ಗಳ ಪಟ್ಟಿ ಅಂಟಿಸಿದ್ದರು, ಅಮೆರಿಕದ ಪರ್ಕಸಿವ್ ಆರ್ಟ್ಸ್ ಸೊಸೈಟಿಯ ಪಟ್ಟಿ ಅದು. ದಿನಾ ಎಲ್ಲ 40ನ್ನೂ ಮುಟ್ಟಿ ಬಿಡುತ್ತಿದ್ದರು. ಅದನ್ನು ತೆಗೆಸಿದೆ. ಹದಿನೈದು ದಿನಕ್ಕೆ ಎರಡು ಸಾಕು. ಮೊದಲಿಗೆ ಸಿಂಗಲ್ ಸ್ಟ್ರೋಕ್ ಮತ್ತು ಪ್ಯಾರಡಿಡಲ್: ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ತಾಳ ತೋರಿಸುವ ಮೆಟ್ರೊನೋಮ್ 60ರಲ್ಲಿ, ಅಂದರೆ ನಿಮಿಷಕ್ಕೆ 60 ಏಟು. ಮೂರು ಸಲ ಸತತವಾಗಿ ಸ್ವಚ್ಛವಾಗಿ ಬಂದರೆ ನಾಲ್ಕು ಏರಿಸುವುದು, ಭುಜ ಬಿಗಿಯಾದರೆ ಇಳಿಸುವುದು, ಮರುದಿನ ಮತ್ತೆ ಕೆಳಗಿನಿಂದ ಶುರು.

ರಾತ್ರಿ ಎಂಟೂವರೆಗೆ ಮನೆ ಮುಟ್ಟುವವರಿಗೆ ಎರಡು ಗಂಟೆ ಅಭ್ಯಾಸ ಅನ್ನುವುದು ಸುಳ್ಳು ಗುರಿ. ಊಟ ಆಗಬೇಕು, ಹತ್ತಕ್ಕೆ ಮೊದಲು ಮುಗಿಸಬೇಕು. ಹತ್ತರಿಂದ ಬೆಳಿಗ್ಗೆ ಆರರವರೆಗೆ ಕಾನೂನಿನ ಪ್ರಕಾರವೂ ಶಾಂತಿಯ ಹೊತ್ತು, ಕೆಳಗಿನ ಮನೆಯಲ್ಲಿ ವಯಸ್ಸಾದವರಿದ್ದಾರೆ. ಹಾಗಾಗಿ ರಬ್ಬರ್ ಪ್ಯಾಡಿನ ಮೇಲೆ 35 ನಿಮಿಷ, ವಾರಕ್ಕೆ ಐದು ದಿನ. ಐದು ನಿಮಿಷ ಕೈ ಬಿಸಿ ಮಾಡಲು. ಹನ್ನೆರಡು ನಿಮಿಷ ಬಾರದ ಒಂದೇ ಒಂದು ವಿಷಯಕ್ಕೆ. ಹತ್ತು ನಿಮಿಷ ಓದು. ಉಳಿದದ್ದು ಮನಸ್ಸಿಗೆ ಬಂದದ್ದು ನುಡಿಸಲು. ಈ ಕೊನೆಯದನ್ನು ಬಿಡಬಾರದು ಅಂತ ನಾನೇ ಹಟ ಹಿಡಿದೆ. ಅದಿಲ್ಲದಿದ್ದರೆ ಮನುಷ್ಯ ಯಾಕೆ ಪ್ಯಾಡಿನ ಮುಂದೆ ಕೂರಬೇಕು?

ಓದಿಗೆ ಮೇಷ್ಟ್ರು ಮೂರು ಕಟ್ಟುಪಾಡು ಹಾಕಿದರು. ಕೈಗೆ ಬರುವುದಕ್ಕಿಂತ ಬಹಳ ಸುಲಭದ್ದನ್ನೇ ಓದಬೇಕು. ತಪ್ಪಿದರೂ ನಿಲ್ಲಬಾರದು, ತಾಳ ಬಿಡಬಾರದು. ಓದಿದ ಪುಟವನ್ನು ಆ ದಿನ ಮತ್ತೆ ಓದಬಾರದು, ಯಾಕೆಂದರೆ ಎರಡನೇ ಸಲ ಓದುವುದು ಕಣ್ಣಲ್ಲ, ನೆನಪು. ಚಾರ್ಟ್ ಸಿಕ್ಕಾಗ ಮೊದಲು ದಾರಿ ನೋಡಿಕೊಳ್ಳಬೇಕು: ಎಲ್ಲಿ ರಿಪೀಟ್, ಎಲ್ಲಿಂದ ಹಿಂದೆ ಹಾರಬೇಕು, ಕೋಡಾ, ಅಂದರೆ ಕೊನೆಯ ಭಾಗ ಎಲ್ಲಿದೆ. ಡ್ರಮ್ ಚಾರ್ಟ್‌ನಲ್ಲಿ ಎಷ್ಟೋ ಬಾರ್‌ಗಳಲ್ಲಿ ಬರೀ ಓರೆ ಗೀಟುಗಳಿರುತ್ತವೆ, ನಿಮ್ಮ ತಾಳ ನೀವು ನಡೆಸಿ ಅಂತ ಅರ್ಥ. ಆಡಿಷನ್ನಿನ ಹನ್ನೆರಡನೇ ಬಾರ್‌ನಲ್ಲಿ ಇದ್ದದ್ದೂ ಅದೇ ಗೀಟುಗಳು! ಅವರಿಗೆ ಚೆನ್ನಾಗಿ ಬರುವುದನ್ನೇ ಮಾಡಿ ಅಂತ ಹಾಳೆ ಹೇಳುತ್ತಿತ್ತು. ಅದು ಗೊತ್ತಾದ ದಿನ ಶಶಿ ನನ್ನ ಮುಂದೆ ಅತ್ತರು.

ಬೆಳಗಿನ ಲೋಕಲ್‌ನಲ್ಲಿ ಕೈ ಎತ್ತಲೂ ಜಾಗ ಇರುವುದಿಲ್ಲ. ಅಲ್ಲಿ ಫೋನಿನಲ್ಲಿ ಒಂದು ಪುಟ, ಕಣ್ಣು ಮತ್ತು ನಾಲಿಗೆ ಮಾತ್ರ. ದಾದರ್ ಬರುವ ಹೊತ್ತಿಗೆ ಒಂದೆರಡು ಸಾಲು.

ಎರಡನೇ ತಿಂಗಳು ಜಾರಿದರು. ಮಾರ್ಚ್ ಕೊನೆ, ಕಚೇರಿಯಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ, ಎಂಟು ದಿನ ಪ್ಯಾಡ್ ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ನಾಲ್ಕು ಗಂಟೆ ಬಡಿದರು. ಮುಂಗೈ ಮತ್ತೆ ನೋಯಿತು. ಡೈರಿಯ ಬಾಕಿ ಕಾಲಂ ಮೇಲೆ ಆವತ್ತು ನನ್ನ ಎದುರೇ ಗೀಟು ಎಳೆಸಿದೆ. ತಪ್ಪಿದ ದಿನವನ್ನು ತೀರಿಸುವಂತಿಲ್ಲ, ಇವತ್ತಿನ 35 ನಿಮಿಷ ಮಾತ್ರ ಇವತ್ತಿನದು ಅಂದೆ. ಆ ಜಾಗದಲ್ಲಿ "ಇವತ್ತು ಏನು ಕೇಳಿಸಿತು" ಅಂತ ಒಂದು ಸಾಲು ಬರೆಯಲು ಹೇಳಿದೆ. ಲೆಕ್ಕದ ಮನುಷ್ಯನಿಗೆ ಇದು ಸುಲಭ ಇರಲಿಲ್ಲ. ಮೊದಲ ವಾರ ಎಲ್ಲ ದಿನವೂ "ಏನಿಲ್ಲ" ಅಂತಿತ್ತು. ಮೂರನೇ ವಾರ ಒಂದು ಕಡೆ "ಎಡಗೈ ಬಲಗೈಗಿಂತ ಮೆತ್ತಗೆ ಬೀಳ್ತಿದೆ" ಅಂತ ಇತ್ತು.

ಟ್ರಿನಿಟಿ ಅಥವಾ ರಾಕ್‌ಸ್ಕೂಲ್ ಸಂಗೀತದ ಗ್ರೇಡ್ ಪರೀಕ್ಷೆ ಕಟ್ಟಲೇ ಅಂತ ಕೇಳಿದರು. ಒಳ್ಳೆಯ ಪರೀಕ್ಷೆಗಳೇ. ಆದರೆ ಈ ವರ್ಷ ಬೇಡ ಅಂದೆ. ಯಾರಾದರೂ ಅಂಕ ಹಾಕುತ್ತಾರೆ ಅನ್ನುವ ಭಯ ಇನ್ನೂ ಪೂರ್ತಿ ಹೋಗಿಲ್ಲ.

ಒಂಬತ್ತನೇ ಭೇಟಿಗೆ ಒಂದು ಸುದ್ದಿ ತಂದಿದ್ದರು. ಬಾಂದ್ರಾದಲ್ಲಿ ಮೇಷ್ಟ್ರ ಪರಿಚಯದ ಬ್ಯಾಂಡಿನ ರಿಹರ್ಸಲ್‌ಗೆ ಹೋಗಿದ್ದರು, ಅಲ್ಲಿ ಹೊಸ ಚಾರ್ಟ್ ಕೊಟ್ಟರು. "ಮೂರನೇ ಪುಟದಲ್ಲಿ ಕಳೆದುಹೋದೆ ಮೇಡಂ. ಕಿವಿ ಬಿಸಿ ಆಯ್ತು. ಆದರೆ ಕೈ ನಡೀತಾನೇ ಇತ್ತು. ಕೋಡಾ ಬಂದಾಗ ಮತ್ತೆ ಸಿಕ್ಕಿಕೊಂಡೆ." ಬ್ಯಾಂಡಿನವರಿಗೆ ಗೊತ್ತಾಯಿತೋ ಇಲ್ಲವೋ, ಅವರು ಕೇಳಲಿಲ್ಲ.

ಹಡಗಿನ ಅರ್ಜಿಯನ್ನು ಮತ್ತೆ ತಂದಿದ್ದಾರೆ, ತುಂಬಿಲ್ಲ. ಕೆಲಸ ಬಿಟ್ಟು ತಿಂಗಳುಗಟ್ಟಲೆ ಸಮುದ್ರದ ಮೇಲೆ ಇರುವ ವಿಷಯ ಅಪ್ಪ ಅಮ್ಮನಿಗೆ ಇನ್ನೂ ಹೇಳಬೇಕು. ಮುಂದಿನ ಭೇಟಿಗೆ ಮೂವರೂ ಬರುತ್ತಾರೆ.