ವಿಡಿಯೊ ನಿಮ್ಮದು, ಹೆಸರು ಇನ್ಯಾರದ್ದೋ

ಪ್ರಶ್ನೆ: ಮನೆಯಲ್ಲೇ ಫೋನಿನಲ್ಲಿ ಅಡುಗೆ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ನನ್ನ ತೊಡದೇವು ವಿಡಿಯೊವನ್ನು ಯಾರೋ ಕತ್ತರಿಸಿ, ನನ್ನ ಮಾತು ತೆಗೆದು ಹಾಡು ಸೇರಿಸಿ, ತಮ್ಮ ಚಾನೆಲ್‌ನಲ್ಲಿ ಶಾರ್ಟ್ಸ್ ಮಾಡಿ ಹಾಕಿದ್ದಾರೆ. ಮೂಲೆಯಲ್ಲಿದ್ದ ನನ್ನ ಚಾನೆಲ್ ಹೆಸರೂ ಮಾಯ! ಯಾರೂ ಕಾಪಿ ಮಾಡದ ಹಾಗೆ ಲಾಕ್ ಮಾಡಬಹುದಾ? ಕಾಪಿರೈಟ್ ರಿಜಿಸ್ಟರ್ ಮಾಡಿಸಬೇಕಾ?
- ಓದುಗರು, ಶಿರಸಿ

ಉತ್ತರ: ಲಾಕ್ ಮಾಡೋಕೆ ಆಗಲ್ಲ. ಹಾಗೆ ಮಾಡಿಕೊಡ್ತೀವಿ ಅಂತ ಆ್ಯಪ್ ಮಾರುವವರಿಗೆ ಸುಮ್ನೆ ದುಡ್ಡು ಕೊಡಬೇಡಿ. ಪರದೆ ಮೇಲೆ ಕಾಣುವುದನ್ನು ರೆಕಾರ್ಡ್ ಮಾಡಿಕೊಳ್ಳಬಹುದು, ಅದಕ್ಕೆ ತಡೆ ಇದ್ದರೆ ಇನ್ನೊಂದು ಫೋನನ್ನು ಎದುರಿಗೆ ಹಿಡಿದರೆ ಮುಗೀತು. ಕದಿಯುವವರಿಗೆ ಕೆಲಸ ಜಾಸ್ತಿ ಮಾಡುವುದು, ಕದ್ದಾಗ ನಿಮ್ಮದೇ ಅಂತ ತೋರಿಸುವ ಹಾಗೆ ಇಟ್ಟುಕೊಳ್ಳುವುದು, ಇವೆರಡು ನಮ್ಮ ಕೈಲಿವೆ.

ನಿಮ್ಮ ಹೆಸರು ಹೇಗೆ ಹೋಯಿತು ಗೊತ್ತಾ? ಅವರು ಅಳಿಸುವ ತೊಂದರೆಯನ್ನೂ ತಗೊಂಡಿರಲಿಕ್ಕಿಲ್ಲ. ಅಡ್ಡ ಹಿಡಿದು ತೆಗೆದ ವಿಡಿಯೊವನ್ನು ಶಾರ್ಟ್ಸ್‌ಗಾಗಿ ಉದ್ದಕ್ಕೆ ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗವೂ ಉಳಿಯುವುದಿಲ್ಲ, ಮೂಲೆಗಳೆಲ್ಲ ತಾನಾಗಿಯೇ ಹೋಗುತ್ತವೆ. ಹಾಗಾಗಿ ಹೆಸರನ್ನು ನಡುವೆ ಹಾಕಿ. ಕವುಚಿದ ಮಡಕೆ ಮೇಲೆ ಬಟ್ಟೆ ಅದ್ದಿ ಹಿಟ್ಟು ಸವರುತ್ತೀರಲ್ಲ, ಎಲ್ಲರಿಗೂ ಬೇಕಾದ ತುಣುಕು ಅದೇ, ಅಲ್ಲೇ ಮಡಕೆಗೆ ತಾಗಿಕೊಂಡ ಹಾಗೆ ಹೆಸರು ತೆಳುವಾಗಿ ಕಾಣಲಿ. ನೋಡುವವರಿಗೆ ಸ್ವಲ್ಪ ಕಿರಿಕಿರಿ ಆಗುತ್ತೆ, ಇಲ್ಲ ಅನ್ನಲ್ಲ. ಇಡೀ ವಿಡಿಯೊಗೆ ಬೇಡ, ಅಂಥ ಒಂದೆರಡು ಕಡೆ ಸಾಕು.

ಫೋನಿನಲ್ಲಿ ತೆಗೆದ ಮೂಲ ಫೈಲುಗಳನ್ನು ಅಳಿಸಬೇಡಿ. ಎಡಿಟ್ ಮಾಡುವಾಗ ಬಿಟ್ಟ ತುಣುಕುಗಳಿದ್ದರೆ ಇನ್ನೂ ಒಳ್ಳೆಯದು, ಯಾಕಂದ್ರೆ ಕದ್ದವರ ಹತ್ತಿರ ಅವು ಇರುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿಕೊಂಡ ಪ್ರತಿ ಸಾಲದು.

ರಿಜಿಸ್ಟ್ರೇಷನ್ ಕಡ್ಡಾಯವಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ವಿಡಿಯೊ ಮಾಡಿದ ಕೂಡಲೇ ಹಕ್ಕು ನಿಮ್ಮದಾಗುತ್ತದೆ. ಮಾಡಿಸಿದರೆ ಒಂದು ದಾಖಲೆ ಸಿಗುತ್ತೆ, ಆದರೆ ಒಂದೊಂದು ವಿಡಿಯೊಗೆ 5,000 ರೂಪಾಯಿ ಶುಲ್ಕ. ತೊಡದೇವಿಗೆ ಅಷ್ಟೆಲ್ಲ ಯಾಕೆ? ಮಾಲೀಕರ ಗುರುತನ್ನು ಬೇಕಂತಲೇ ತೆಗೆದರೆ 65ಬಿ ಕಲಂ ಪ್ರಕಾರ 2 ವರ್ಷದವರೆಗೆ ಜೈಲು ಅಂತಲೂ ಇದೆ. 2012ರ ತಿದ್ದುಪಡಿಯಲ್ಲಿ ಬಂದದ್ದು. ಆದರೆ ಒಂದು ಶಾರ್ಟ್ಸ್‌ಗಾಗಿ ಕೋರ್ಟು ಅಲೆಯಿರಿ ಅಂತ ನಾನಂತೂ ಹೇಳುವುದಿಲ್ಲ.

ಮೊದಲು ಆ ಶಾರ್ಟ್ಸ್‌ನಲ್ಲಿ ನಿಮ್ಮ ವಿಡಿಯೊ ಲಿಂಕ್ ಇದೆಯಾ ನೋಡಿ. ಇದ್ದರೆ ಅದು ಬೇರೆಯವರ ವಿಡಿಯೊ ತುಣುಕು ಬಳಸೋಕೆ ಯೂಟ್ಯೂಬೇ ಕೊಟ್ಟಿರುವ ರೀಮಿಕ್ಸ್ ಬಟನ್ ಒತ್ತಿ ಮಾಡಿದ್ದು. ಉದ್ದ ವಿಡಿಯೊಗಳಿಗೆ ಆ ಅನುಮತಿಯನ್ನು ಸೆಟ್ಟಿಂಗ್ಸ್‌ನಲ್ಲಿ ನೀವೇ ಆಫ್ ಮಾಡಬಹುದು. ಲಿಂಕ್ ಇಲ್ಲ ಅಂದ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಯೂಟ್ಯೂಬ್ ಸ್ಟುಡಿಯೊದ ಕಾಪಿರೈಟ್ ವಿಭಾಗದಲ್ಲಿ ತೆಗೆಸುವ ಅರ್ಜಿ ಹಾಕಿ. ತಕ್ಷಣ ತೆಗೆಸಬಹುದು, ಇಲ್ಲವೇ 7 ದಿನ ಗಡುವು ಕೊಡಬಹುದು. ವಿಡಿಯೊ ಹಾಕಿದವರು ಅದನ್ನು ತೆಗೆದದ್ದು ತಪ್ಪು ಅಂತ ಪ್ರತಿ ಅರ್ಜಿ ಹಾಕಿದರೆ ನೀವು ಕೋರ್ಟಿಗೆ ಹೋಗಿದ್ದೀರಿ ಅಂತ 10 ಕೆಲಸದ ದಿನಗಳೊಳಗೆ ತೋರಿಸಬೇಕು, ಇಲ್ಲದಿದ್ದರೆ ವಿಡಿಯೊ ವಾಪಸ್ ಬರಬಹುದು. ಕದ್ದವರು ಸಾಮಾನ್ಯವಾಗಿ ಅಲ್ಲಿವರೆಗೆ ಎಳೆಯುವುದಿಲ್ಲ. ಅರ್ಜಿ ಹಾಕಿದವರ ಹೆಸರು ಎದುರಿನವರಿಗೆ ಗೊತ್ತಾಗುತ್ತದೆ, ಇದು ನೆನಪಿರಲಿ.

ಇನ್ನೊಂದು. ಬೇರೆಯವರು ತಾವೇ ಅದೇ ತೊಡದೇವು ಮಾಡಿ, ತಾವೇ ವಿಡಿಯೊ ತೆಗೆದರೆ ನಿಮ್ಮ ತಕರಾರು ನಿಲ್ಲುವುದಿಲ್ಲ. ಹಕ್ಕು ನಿಮ್ಮ ದೃಶ್ಯ, ನಿಮ್ಮ ಮಾತಿನ ಮೇಲೆ, ಅಕ್ಕಿಹಿಟ್ಟು ಕಬ್ಬಿನಹಾಲಿನ ಮೇಲಲ್ಲ.

ಪ್ರಶ್ನೆ: ಮಗಳ ಹುಟ್ಟುಹಬ್ಬದ ವಿಡಿಯೊವನ್ನು ಯೂಟ್ಯೂಬಿನಲ್ಲಿ ‘ಅನ್‌ಲಿಸ್ಟೆಡ್’ ಮಾಡಿ ಮನೆಯವರ ಗ್ರೂಪಿಗೆ ಲಿಂಕ್ ಹಾಕಿದ್ದೆ. ಗುರುತಿಲ್ಲದವರೂ ನೋಡುತ್ತಿದ್ದಾರೆ. ಹೇಗೆ?
- ಓದುಗರು, ದಾವಣಗೆರೆ

ಉತ್ತರ: ಲಿಂಕ್ ಸಿಕ್ಕವರೆಲ್ಲ ನೋಡಬಹುದು ಅನ್ನೋದೇ ಅನ್‌ಲಿಸ್ಟೆಡ್. ಗ್ರೂಪಿನಿಂದ ಯಾರೋ ಫಾರ್ವರ್ಡ್ ಮಾಡಿರಬೇಕು. ಈಗಲೇ ‘ಪ್ರೈವೇಟ್’ ಮಾಡಿ, ಹಳೇ ಲಿಂಕ್ ಕೆಲಸ ಮಾಡುವುದಿಲ್ಲ. ಬೇಕಾದವರ ಇಮೇಲ್ ಮಾತ್ರ ಸೇರಿಸಿ. ಅಜ್ಜಿ ತಾತನಿಗೆ ಇಮೇಲ್ ಇಲ್ಲ ಅಂತೀರೇನೋ, ಅವರಿಗೆ ನಿಮ್ಮ ಫೋನಿನಲ್ಲೇ ತೋರಿಸಿ.